ಹೆಸರು ಕಳುವಾದಾಗ



ಮನೆಯಲ್ಲಿ ಕಳ್ಳತನವಾದರೆ ನಮಗೆ ತಕ್ಷಣ ತಿಳಿಯುತ್ತದೆ. ಬೀಗ ಮುರಿದಿರುತ್ತದೆ, ಬೀರು ತೆರೆದಿರುತ್ತದೆ, ಪಾತ್ರೆ ಪಡಗ ಚೆಲ್ಲಾಪಿಲ್ಲಿಯಾಗಿರುತ್ತದೆ. ನೆರೆಹೊರೆಯವರು ಓಡಿಬರುತ್ತಾರೆ, "ಅಯ್ಯೋ ಪಾಪ" ಎಂದು ಮರುಗುತ್ತಾರೆ. ಇಂದು ನಾನು ಹೇಳಹೊರಟಿರುವ ಕಳ್ಳತನದಲ್ಲಿ ಇದಾವುದೂ ಆಗುವುದಿಲ್ಲ. ಬೀಗ ಭದ್ರವಾಗಿಯೇ ಇರುತ್ತದೆ. ಕಳುವಾದ ವಸ್ತುವೂ ನಮ್ಮ ಬಳಿಯೇ ಇರುತ್ತದೆ. ಏಕೆಂದರೆ ಕಳ್ಳ ಕದ್ದದ್ದು ನಮ್ಮ ಹೆಸರನ್ನು, ನಮ್ಮ ಗುರುತನ್ನು. ನಮ್ಮ ಹೆಸರಿನಲ್ಲಿ ಅವನು ಹಣ ತೆಗೆಯುತ್ತಾನೆ, ಸಾಲ ಮಾಡುತ್ತಾನೆ, ಸಿಮ್ ಕೊಳ್ಳುತ್ತಾನೆ. ನೆರೆಹೊರೆಯವರಿಗೆ ಏನೂ ಕಾಣುವುದಿಲ್ಲ. "ಅಯ್ಯೋ ಪಾಪ" ಎನ್ನುವ ಬದಲು "ನೀವು ಏನು ತಪ್ಪು ಮಾಡಿದಿರಿ?" ಎಂದು ಕೇಳುತ್ತಾರೆ. ಇದೇ ಗುರುತಿನ ಕಳವು.

ಇದು ತೀರ ಹೊಸ ವಿದ್ಯೆಯೇನಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಓದುಬರಹ ಬಾರದ ರೈತನಿಂದ ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ತನಗೆ ಬೇಕಾದಷ್ಟು ಮೊತ್ತ ಬರೆದುಕೊಳ್ಳುತ್ತಿದ್ದ ಸಾಹುಕಾರರ ಕಥೆಗಳನ್ನು ಅವರು ಹೇಳುತ್ತಾರೆ. ಆ ಕಾರಣಕ್ಕೇ 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಲು ಕಲಿತವರ ಮುಖದಲ್ಲಿ ಅಷ್ಟೊಂದು ಹೆಮ್ಮೆ ಇರುತ್ತಿತ್ತು. ಈಗ ಕಾಲಚಕ್ರ ಒಂದು ಸುತ್ತು ತಿರುಗಿದೆ. ಯಂತ್ರಕ್ಕೆ ನಮ್ಮ ಸಹಿ ಬೇಡ, ಮತ್ತೆ ಹೆಬ್ಬೆಟ್ಟೇ ಬೇಕು. ಪಡಿತರಕ್ಕೆ ಹೆಬ್ಬೆಟ್ಟು, ಸಿಮ್‌ಗೆ ಹೆಬ್ಬೆಟ್ಟು, ಬ್ಯಾಂಕಿಗೆ ಹೆಬ್ಬೆಟ್ಟು. ಅಕ್ಷರಸ್ಥರು, ಅನಕ್ಷರಸ್ಥರು ಎಂಬ ಭೇದವಿಲ್ಲದೆ ನಾವೆಲ್ಲರೂ ಇಂದು ಹೆಬ್ಬೆಟ್ಟಿನವರೇ.

ಆ ಹೆಬ್ಬೆಟ್ಟು ಹೇಗೆ ಕಳುವಾಯಿತು ಎಂಬುದನ್ನು ತಿಳಿಯಲು ನಾವು 2023ರ ಬೆಂಗಳೂರಿಗೆ ಬರಬೇಕು.

ಉತ್ತರ ಬೆಂಗಳೂರಿನವರಿಗೆ ನೋಂದಣಿ ಕಚೇರಿಯ ಪರಿಚಯ ಚೆನ್ನಾಗಿಯೇ ಇದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದಾಚೆಯವರೆಗೆ ತೋಟ, ಹೊಲಗಳೆಲ್ಲ ಬಡಾವಣೆಗಳಾದವು. ಸೈಟು ಕೊಂಡವರು, ಫ್ಲಾಟು ಕೊಂಡವರು, ಮಕ್ಕಳಿಗೆ ಭಾಗ ಮಾಡಿಕೊಟ್ಟವರು, ಎಲ್ಲರೂ ಯಲಹಂಕ, ಹೆಬ್ಬಾಳ, ಬ್ಯಾಟರಾಯನಪುರದಂಥ ಉಪನೋಂದಣಾಧಿಕಾರಿಗಳ ಕಚೇರಿಗಳ ಮುಂದೆ ಕಾದು ನಿಂತವರೇ. ಅಲ್ಲಿ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣವಿದೆ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ 32-ಎ ಎಂಬ ಹೊಸ ಕಲಮು ಸೇರಿತು. ಅದರಂತೆ ಆಸ್ತಿ ಕೊಡುವವರ ಮತ್ತು ಕೊಳ್ಳುವವರ ಭಾವಚಿತ್ರ ಹಾಗೂ ಬೆರಳಚ್ಚು ಪತ್ರದ ಮೇಲೆ ಇರಲೇಬೇಕು. ಒಬ್ಬರ ಸೈಟನ್ನು ಇನ್ನೊಬ್ಬರು ವೇಷ ಹಾಕಿ ಮಾರಿಬಿಡದಂತೆ ತಡೆಯಲು ಇದು ಒಳ್ಳೆಯ ಉಪಾಯವೇ. ನೋಂದಣಿಯಾದ ಪತ್ರದ ನಕಲನ್ನು ಶುಲ್ಕ ಕಟ್ಟಿ ಯಾರಾದರೂ ಪಡೆಯಬಹುದೆಂಬ ನಿಯಮವೂ ಹಳೆಯದು. ಆಸ್ತಿ ಕೊಳ್ಳುವವನು ಮೋಸಹೋಗಬಾರದೆಂಬುದೇ ಅದರ ಉದ್ದೇಶ.

ಎರಡೂ ಒಳ್ಳೆಯ ನಿಯಮಗಳೇ. ಆದರೆ ಪತ್ರಗಳು ಗಣಕಯಂತ್ರಕ್ಕೆ ಏರಿ, ಕುಳಿತಲ್ಲಿಂದಲೇ ನೋಡಲು ಸಿಗುವಂತಾದಾಗ ಎರಡರ ನಡುವೆ ಒಂದು ಸಂದು ತೆರೆದುಕೊಂಡಿತು. ದೂರದ ಊರಿನಲ್ಲಿ ಕುಳಿತ ಕಳ್ಳನಿಗೆ ಒಂದೇ ಕಾಗದದಲ್ಲಿ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು, ಮೂರೂ ಸಿಕ್ಕಿದವು. ಆ ಅಚ್ಚಿನಿಂದ ಅವರು ಸಿಲಿಕಾನ್ ಅಥವಾ ರಬ್ಬರಿನಂಥ ವಸ್ತುವಿನಲ್ಲಿ ನಕಲಿ ಬೆರಳು ಮಾಡಿಕೊಂಡರು. ಮುಂದಿನ ಕೆಲಸಕ್ಕೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಇದ್ದೇ ಇತ್ತು.

ಆ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯಲ್ಲಿ, ಕಾರ್ಡು ಬಳಸಲು ಬಾರದ ಮುದುಕಿಯೊಬ್ಬಳು ಅಂಗಡಿಯಲ್ಲಿಯೇ ಬೆರಳಿಟ್ಟು ತನ್ನ ಪಿಂಚಣಿ ಹಣ ಪಡೆಯಲಿ ಎಂದು ಅದನ್ನು ರೂಪಿಸಿದರು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟಿದ್ದರೆ ಸಾಕು. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಕಾರ್ಡು ಬೇಡ, ಒಟಿಪಿ ಬೇಡ. ಬಡವರಿಗೆ ಅನುಕೂಲವಾಗಲೆಂದು ತೆರೆದಿಟ್ಟ ಈ ಬಾಗಿಲಿನಿಂದಲೇ ಕಳ್ಳ ಒಳಗೆ ಬಂದ. ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಖಾತೆಗಳಿಂದ ಹೀಗೆ ಹಣ ಹೋಯಿತು. 2023ರಲ್ಲಿ ದೂರುಗಳು ಒಂದರ ಮೇಲೊಂದು ಬಂದಾಗ ಬೆಂಗಳೂರು ಪೊಲೀಸರು ತನಿಖೆ ನಡೆಸಿ, ಬಿಹಾರದಿಂದ ಆರೋಪಿಗಳನ್ನು ಬಂಧಿಸಿದರು. ಪತ್ರಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವನ್ನು ಆಮೇಲೆ ಕೈಗೊಳ್ಳಲಾಯಿತು.

ಪತ್ರಿಕೆಯಲ್ಲಿ ಇದು ಒಂದು ದಿನದ ಸುದ್ದಿ. ಹಣ ಕಳೆದುಕೊಂಡ ಮನೆಯಲ್ಲಿ ಅದು ತಿಂಗಳುಗಟ್ಟಲೆಯ ಬದುಕು. ಅದು ಹೇಗಿರುತ್ತದೆಂದು ತಿಳಿಯಲು ನಾವೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾರೊಬ್ಬರ ನಿಜಜೀವನದ ಕಥೆಯಲ್ಲ, ಉದಾಹರಣೆಗಾಗಿ ಹೇಳುತ್ತಿದ್ದೇನೆ.

ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ತಾತ. ಮೊಮ್ಮಗಳು ದ್ವಿತೀಯ ಪಿಯುಸಿ. ಒಂದು ಸಂಜೆ ತಾತನ ಫೋನಿಗೆ ಸಂದೇಶ ಬರುತ್ತದೆ: 10,000 ರೂಪಾಯಿ ಖರ್ಚಾಗಿದೆ. ಮರುದಿನ ಇನ್ನೊಂದು ಹತ್ತು ಸಾವಿರ. ಮೂರನೆಯ ದಿನ ಮತ್ತೊಂದು. ಬರುವ ಸಂದೇಶಗಳನ್ನೆಲ್ಲ ಓದುವ ಅಭ್ಯಾಸ ತಾತನಿಗಿಲ್ಲ. ನಾಲ್ಕನೆಯ ದಿನ ಔಷಧಿ ಅಂಗಡಿಯಲ್ಲಿ ಕಾರ್ಡು ಉಜ್ಜಿದಾಗ ಹಣ ಸಾಲದೆಂದು ಯಂತ್ರ ಹೇಳುತ್ತದೆ.

"ತಾತ, ನೀವು ಯಾರಿಗಾದರೂ ಒಟಿಪಿ ಹೇಳಿದ್ರಾ?" ಎನ್ನುತ್ತಾಳೆ ಮೊಮ್ಮಗಳು.

"ಇಲ್ಲಮ್ಮ. ನನಗೆ ಯಾರ ಫೋನೂ ಬಂದಿರಲಿಲ್ಲ."

"ನೆನಪು ಮಾಡಿಕೊಳ್ಳಿ ತಾತ. ಹೇಳಿರ್ತೀರಿ, ಮರೆತಿರ್ತೀರಿ."

ಬ್ಯಾಂಕಿಗೆ ಹೋದರೆ ಅಲ್ಲಿಯ ಗುಮಾಸ್ತರು ಪರದೆ ನೋಡಿ, "ಯಜಮಾನರೆ, ಇದು ಬೆರಳಿಟ್ಟು ತೆಗೆದ ಹಣ. ಬೆರಳು ನಿಮ್ಮದೇ ಅಂತ ತೋರಿಸ್ತಾ ಇದೆಯಲ್ಲ" ಎನ್ನುತ್ತಾರೆ. ತಾತ ತಮ್ಮ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಾರೆ. ಬೆರಳು ಕೈಯಲ್ಲಿಯೇ ಇದೆ. ಆದರೂ ಯಂತ್ರದ ಲೆಕ್ಕದಲ್ಲಿ ಅದು ಎಲ್ಲೋ ದೂರದ ಅಂಗಡಿಯಲ್ಲಿ ಹಣ ಎಣಿಸಿಕೊಂಡಿದೆ.

ಇಲ್ಲಿ ಹೋದದ್ದು ಮೂವತ್ತು ಸಾವಿರ ರೂಪಾಯಿ ಎಂದು ನೀವು ಲೆಕ್ಕ ಹಾಕಬಹುದು. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. ಖಾತೆಯಲ್ಲಿ ಹಣವಿಲ್ಲದ್ದರಿಂದ ಆ ತಿಂಗಳ ಕಂತು ತಪ್ಪುತ್ತದೆ, ಅದಕ್ಕೆ ದಂಡ ಬೀಳುತ್ತದೆ. ಠಾಣೆಗೆ, ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಓಡಾಡಲು ಮಗ ಕೆಲಸಕ್ಕೆ ರಜೆ ಹಾಕಬೇಕು. ಹೋದಲ್ಲೆಲ್ಲ ಜೆರಾಕ್ಸ್ ಪ್ರತಿ ಕೊಡಬೇಕು. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಹಮಾಲರೊಬ್ಬರಿಗೆ ಹೀಗಾದರೆ ಒಂದು ದಿನದ ಓಡಾಟವೆಂದರೆ ಒಂದು ದಿನದ ಕೂಲಿ ಹೋದಂತೆ. ಕಳ್ಳ ಕೆಲವೇ ನಿಮಿಷಗಳಲ್ಲಿ ಮಾಡಿದ ಕೆಲಸವನ್ನು ಸರಿಪಡಿಸಲು ಕಳೆದುಕೊಂಡವರು ವಾರಗಟ್ಟಲೆ ದುಡಿಯಬೇಕು. ಇದಕ್ಕೆ ಯಾರೂ ಪರಿಹಾರ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಮತ್ತೊಂದಿದೆ. ಮೊಮ್ಮಗಳ ಮಾತನ್ನು ಮತ್ತೆ ನೆನಪಿಸಿಕೊಳ್ಳಿ: "ಹೇಳಿರ್ತೀರಿ, ಮರೆತಿರ್ತೀರಿ." ಆಕೆ ಕೆಟ್ಟ ಮನಸ್ಸಿನಿಂದ ಹಾಗೆ ಅಂದವಳಲ್ಲ. ಆದರೆ ಜೀವನಪೂರ್ತಿ ಮನೆಯ ಲೆಕ್ಕಪತ್ರ ನೋಡಿಕೊಂಡು ಬಂದ ಹಿರಿಯರು ಆ ಒಂದು ಮಾತಿನಿಂದ ಕುಗ್ಗಿಹೋಗುತ್ತಾರೆ. ತಮ್ಮ ನೆನಪಿನ ಮೇಲೆ ತಮಗೇ ಸಂಶಯ ಬರುತ್ತದೆ. ರಾತ್ರಿ ಫೋನು ಗುಣುಗುಟ್ಟಿದರೆ ಎದೆ ಹೊಡೆದುಕೊಳ್ಳುತ್ತದೆ. ಬ್ಯಾಂಕಿನ ಹೆಸರೆತ್ತಿದರೆ ಬೇಡವೆನ್ನುತ್ತಾರೆ. ಕಳ್ಳ ಹಣ ಕದ್ದ. ಮನೆಯವರ ಸಂಶಯ ಅವರ ನೆಮ್ಮದಿಯನ್ನೂ ಕದಿಯಿತು.

ಗುರುತಿನ ಕಳವಿನ ಎರಡನೆಯ ರೂಪ ಸಾಲದ್ದು. ನಿಮ್ಮ ಪ್ಯಾನ್ ಸಂಖ್ಯೆ ಬಳಸಿ ಯಾರೋ ಸಾಲ ಪಡೆಯುತ್ತಾರೆ. ಅದನ್ನು ತೀರಿಸುವುದಿಲ್ಲ. ಸಿಬಿಲ್‌ನಂಥ ಸಂಸ್ಥೆಗಳು ಪ್ರತಿಯೊಬ್ಬರ ಸಾಲದ ಚರಿತ್ರೆಗೆ 300ರಿಂದ 900ರವರೆಗೆ ಅಂಕ ಕೊಡುತ್ತವೆ. ಆ ಅಂಕ ಕುಸಿದಿರುವುದು ನಿಮಗೆ ತಿಳಿಯುವುದು ಮನೆಸಾಲಕ್ಕೋ ಶಿಕ್ಷಣ ಸಾಲಕ್ಕೋ ಅರ್ಜಿ ಹಾಕಿದಾಗ. 2022ರ ಏಪ್ರಿಲ್‌ನಲ್ಲಿ ಹಿಂದಿ ಚಿತ್ರನಟ ರಾಜ್‌ಕುಮಾರ್ ರಾವ್ ಅವರು ತಮ್ಮ ಪ್ಯಾನ್ ದುರ್ಬಳಕೆಯಾಗಿ 2,500 ರೂಪಾಯಿಯ ಸಾಲ ತಮ್ಮ ಹೆಸರಿನಲ್ಲಿ ಸೃಷ್ಟಿಯಾಗಿದೆ, ಅದರಿಂದ ತಮ್ಮ ಅಂಕಕ್ಕೆ ಪೆಟ್ಟು ಬಿದ್ದಿದೆ ಎಂದು ಬಹಿರಂಗವಾಗಿ ದೂರಿದರು. ಮೊತ್ತ ಚಿಕ್ಕದು. ಆದರೆ ಹೆಸರಾಂತ ನಟನಿಗೇ ಹೀಗಾಗುವುದಾದರೆ, ಆರ್.ಟಿ. ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಮೊದಲ ಕೆಲಸ ಹುಡುಕುತ್ತಿರುವ ಯುವಕನಿಗೆ ಆಗಲಾರದೆ? ಅವನ ದನಿಯನ್ನು ಕೇಳುವವರು ಯಾರು?

ಮೂರನೆಯ ರೂಪ ಇನ್ನೂ ವಿಚಿತ್ರವಾದದ್ದು. ಇಲ್ಲಿ ಗುರುತು ಕಳುವಾಗಬೇಕಾಗಿಯೂ ಇಲ್ಲ, ಕಳುವಾಗಿದೆ ಎಂಬ ಭಯವೊಂದೇ ಸಾಕು. 2024ರ ನವೆಂಬರ್‌ನಲ್ಲಿ ಹೆಬ್ಬಾಳದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಕರೆಯೊಂದು ಬಂತು. ಕರೆ ಮಾಡಿದವನು ತಾನು ದೂರಸಂಪರ್ಕ ಪ್ರಾಧಿಕಾರದ ಅಧಿಕಾರಿ ಎಂದ. ನಿಮ್ಮ ಆಧಾರ್ ಬಳಸಿ ತೆಗೆದ ಸಿಮ್‌ನಿಂದ ಕಾನೂನುಬಾಹಿರ ಜಾಹೀರಾತು, ಕಿರುಕುಳದ ಸಂದೇಶಗಳು ಹೋಗಿವೆ ಎಂದ. ಆಮೇಲೆ ಪೊಲೀಸರೆಂದು ಹೇಳಿಕೊಂಡವರು ಬಂದರು. ನಿಮ್ಮ ಆಧಾರ್‌ನಿಂದ ಖಾತೆ ತೆರೆದು ಅಕ್ರಮ ಹಣ ಸಾಗಿಸಿದ್ದಾರೆ, ಬಂಧಿಸುತ್ತೇವೆ, ಯಾರಿಗೂ ಹೇಳಬೇಡಿ, ಪರಿಶೀಲನೆಗಾಗಿ ಹಣ ವರ್ಗಾಯಿಸಿ ಎಂದರು. ಡಿಸೆಂಬರ್‌ನಲ್ಲಿ ಅವರಿಗೆ ಮೋಸ ಅರಿವಾಗುವಷ್ಟರಲ್ಲಿ ಸುಮಾರು 11.8 ಕೋಟಿ ರೂಪಾಯಿ ಕೈಬಿಟ್ಟಿತ್ತು. ಇದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಬಂದಿದೆ. ಭಾರತದ ಯಾವ ಕಾನೂನಿನಲ್ಲಿಯೂ ಅಂಥ ಬಂಧನವೇ ಇಲ್ಲ.

ಗಣಕಯಂತ್ರವನ್ನೇ ವೃತ್ತಿ ಮಾಡಿಕೊಂಡವರು ಹೇಗೆ ಮೋಸಹೋದರು ಎಂದು ನಗುವುದು ಸುಲಭ. ದಯವಿಟ್ಟು ನಗಬೇಡಿ. ನಮ್ಮ ಹೆಸರಿಗೆ ಮಸಿ ಬೀಳುತ್ತದೆ ಎಂಬ ಹೆದರಿಕೆಗೆ ವಿದ್ಯೆ, ಅವಿದ್ಯೆಯ ಭೇದವಿಲ್ಲ. ಕಳ್ಳರು "ಯಾರಿಗೂ ಹೇಳಬೇಡಿ" ಎಂದದ್ದನ್ನು ಗಮನಿಸಿ. ಒಬ್ಬ ಗೆಳೆಯನಿಗೆ, ಒಬ್ಬ ಅಕ್ಕನಿಗೆ ಹೇಳಿದ್ದರೂ ಆ ಜಾಲ ಹರಿದುಬೀಳುತ್ತಿತ್ತು. ಆದ್ದರಿಂದಲೇ ಕಳ್ಳ ಮೊದಲು ನಮ್ಮನ್ನು ನಮ್ಮವರಿಂದ ಬೇರ್ಪಡಿಸುತ್ತಾನೆ. ಈ ಒಂಟಿತನ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಘಟನೆ ಸಾಕ್ಷಿ. ಇಂಥದೇ ಬೆದರಿಕೆಗೆ ಸಿಕ್ಕಿ ಉಳಿತಾಯವನ್ನೆಲ್ಲ ಕಳೆದುಕೊಂಡ ವೃದ್ಧ ದಂಪತಿ 2025ರ ಮಾರ್ಚ್‌ನಲ್ಲಿ ಪ್ರಾಣವನ್ನೇ ಕಳೆದುಕೊಂಡರು. ಹೆಚ್ಚು ವಿವರಿಸಲಾರೆ. ಅವರ ಪಕ್ಕದಲ್ಲಿ ಕುಳಿತು, "ಇದು ನಿಮ್ಮ ತಪ್ಪಲ್ಲ" ಎಂದು ಹೇಳುವವರು ಆ ಹೊತ್ತಿನಲ್ಲಿ ಬೇಕಾಗಿತ್ತು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಯಿತು, ಅದು 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂತು. ಅದರ 66-ಸಿ ಕಲಮಿನಂತೆ ಇನ್ನೊಬ್ಬರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ಇತರ ವಿಶಿಷ್ಟ ಗುರುತನ್ನು ಮೋಸದಿಂದ ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. 66-ಡಿ ಕಲಮು ಬೇರೊಬ್ಬರ ಸೋಗು ಹಾಕಿ ವಂಚಿಸುವವರಿಗೆ. ಆದರೆ ಕಾನೂನು ಕಳ್ಳನನ್ನು ಶಿಕ್ಷಿಸಿದ ಮಾತ್ರಕ್ಕೆ ಹಣ ಮರಳುವುದಿಲ್ಲ. ಅದಕ್ಕಾಗಿ ನೀವು ನೆನಪಿಡಬೇಕಾದದ್ದು ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ ಎನ್ನುವಂಥ ಪ್ರಕರಣದಲ್ಲಿ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಯಾವ ಹೊರೆಯೂ ಇಲ್ಲ ಎಂದು ಅದು ಹೇಳಿತು. ನಾಲ್ಕರಿಂದ ಏಳು ದಿನಗಳಾದರೆ ಹೊರೆಗೆ ಒಂದು ಮಿತಿ ಇದೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿಯಂತೆ. ಅದರಲ್ಲಿ ಇನ್ನೊಂದು ಮಾತಿದೆ, ಅದು ಬಹಳ ಮುಖ್ಯ: ತಪ್ಪು ಗ್ರಾಹಕರದೇ ಎಂದಾದರೆ ಅದನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದು. ನಮ್ಮ ಕಥೆಯ ತಾತ ತಮ್ಮ ಬೆರಳು ತಮ್ಮದೇ, ಆದರೆ ಹಣ ತೆಗೆದದ್ದು ತಾವಲ್ಲ ಎಂದು ಬೇಡಿಕೊಳ್ಳಬೇಕಾಗಿರಲಿಲ್ಲ. ಅವರಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಹಾಗಾದರೆ ಏನು ಮಾಡಬೇಕು? ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ಅದನ್ನು ತಡೆಹಿಡಿಯುವ ಪ್ರಯತ್ನ ಅಲ್ಲಿಂದ ಆರಂಭವಾಗುತ್ತದೆ. ಆದ್ದರಿಂದ ಮೊದಲ ಗಂಟೆ ಬಹಳ ಬೆಲೆಯುಳ್ಳದ್ದು. ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಸಿಇಎನ್ ಠಾಣೆಗಳೂ ನಗರದಲ್ಲಿವೆ.

ಮುಂಜಾಗ್ರತೆಯ ಕೆಲವು ಕೆಲಸಗಳನ್ನು ಈ ಭಾನುವಾರವೇ ಮನೆಯಲ್ಲಿ ಮಾಡಬಹುದು. ಆಧಾರ್ ಪ್ರಾಧಿಕಾರದ ಸೇವೆಯಲ್ಲಿ ನಮ್ಮ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಬೇಕಾದಾಗ ತೆರೆಯಬಹುದು, ಉಳಿದ ವೇಳೆ ಮುಚ್ಚಿಡಬಹುದು. ಜೆರಾಕ್ಸ್ ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮರೆಮಾಡಿದ ಆಧಾರ್ ಪ್ರತಿ ಕೊಡಿ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಇಂಥ ಸಲಹೆ ಕೊಟ್ಟಿತ್ತು. ಜನ ಗಾಬರಿಯಾಗಿ ತಪ್ಪು ತಿಳಿಯಬಹುದೆಂದು ಎರಡು ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡು, ಎಂದಿನ ವಿವೇಕ ಬಳಸಿ ಎಂದು ತಿಳಿಸಲಾಯಿತು. ಗಾಬರಿ ಬೇಡ, ವಿವೇಕ ಬೇಕು. 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದು ನೋಡಬಹುದು. ಸಾಲದ ಚರಿತ್ರೆಯ ಪೂರ್ಣ ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯುವ ಹಕ್ಕು 2017ರಿಂದ ನಮಗಿದೆ. ಶಾಲೆಯ ಅಂಕಪಟ್ಟಿಯನ್ನು ನೋಡುವಂತೆ ಅದನ್ನೂ ನೋಡುವುದು ರೂಢಿಯಾಗಲಿ.

ಇನ್ನು ವಿಶೇಷವಾಗಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಮಾತು. "ನಿನ್ನ ಖಾತೆ ಸ್ವಲ್ಪ ದಿನ ಕೊಡು, ತಿಂಗಳಿಗೆ ಇಷ್ಟು ಸಾವಿರ ಕೊಡುತ್ತೇನೆ" ಎಂದು ಯಾರಾದರೂ ಕೇಳಬಹುದು. ಹಾಸ್ಟೆಲಿನ ಖರ್ಚಿಗೆ ಆಯಿತು ಎಂದು ಮನಸ್ಸು ಒಲಿಯಬಹುದು. ಕದ್ದ ಹಣ ಇಳಿಯುವುದು ಇಂಥ ಬಾಡಿಗೆ ಖಾತೆಗಳಿಗೇ. ಪೊಲೀಸರು ಜಾಡು ಹಿಡಿದು ಬಂದಾಗ ಮೊದಲು ಸಿಗುವ ಹೆಸರು ನಿಮ್ಮದು, ಕಳ್ಳನದಲ್ಲ. ಗುರುತು ಕಳುವಾದವರ ಸಂಕಟ ಒಂದು ಬಗೆಯದಾದರೆ, ತಾನಾಗಿಯೇ ಗುರುತು ಬಾಡಿಗೆಗೆ ಕೊಟ್ಟವನ ಸಂಕಟ ಮತ್ತೊಂದು. ಯಾರದೋ ಮನೆಯ ತಾತನ ಪಿಂಚಣಿ ಹಣ ಅವನ ಖಾತೆಯ ಮೂಲಕ ಹಾದುಹೋಗಿರುತ್ತದೆ.

ಮಿತ್ರರೆ, ನಮ್ಮ ಮನೆಗಳಲ್ಲಿ ಇಂದು ಫೋನು ಚೆನ್ನಾಗಿ ಬಲ್ಲವರು ಚಿಕ್ಕವರು. ದೊಡ್ಡವರು ನಿಮ್ಮನ್ನೇ ಕೇಳುತ್ತಾರೆ. ಆದ್ದರಿಂದ ಅವರಿಗೆ ಏನಾದರೂ ಆದಾಗ ನಿಮ್ಮ ಮೊದಲ ಮಾತಿಗೆ ಬಹಳ ತೂಕವಿದೆ. "ಯಾಕೆ ಹೀಗೆ ಮಾಡಿದಿರಿ?" ಎಂಬುದು ಆ ಮಾತಾಗದಿರಲಿ. "ಬನ್ನಿ ತಾತ, ಮೊದಲು 1930ಕ್ಕೆ ಫೋನು ಮಾಡೋಣ. ಆಮೇಲೆ ನಾನೂ ನಿಮ್ಮ ಜೊತೆ ಬ್ಯಾಂಕಿಗೆ ಬರ್ತೀನಿ" ಎನ್ನಿ. ಬಯ್ಯುವ ಮನೆಯಲ್ಲಿ ಹಿರಿಯರು ಮೋಸವನ್ನು ಮುಚ್ಚಿಡುತ್ತಾರೆ, ಆ ಮೂರು ದಿನಗಳ ಅವಧಿ ಅಷ್ಟರಲ್ಲಿ ಕಳೆದುಹೋಗುತ್ತದೆ. ಅವರು ನಿದ್ದೆ ಬಿಟ್ಟು, ಊಟ ಬಿಟ್ಟು ಮಂಕಾಗಿ ಕುಳಿತರೆ ಅದನ್ನೂ ಕಡೆಗಣಿಸಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದಕ್ಕೆ ಮಾರ್ಗದರ್ಶನ ನೀಡುತ್ತಿರುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮನಸ್ಸಿನ ಭಾರ ಇಳಿಸಿಕೊಳ್ಳಲು ಅಲ್ಲಿ ಉಚಿತವಾಗಿ ಮಾತನಾಡಬಹುದು.

ಹೋದ ಹಣ ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬಾರದು. ಆದರೆ "ನಾನು ಹೇಳುತ್ತಿರುವುದು ನಿಜ" ಎಂದಾಗ ನಂಬುವವರು ಮನೆಯಲ್ಲಿ ಒಬ್ಬರಿದ್ದರೆ, ಕಳುವಾದ ಹೆಸರಿನ ಅರ್ಧ ಭಾಗ ಅಂದೇ ಮರಳಿ ಬಂದಂತೆ. ಆ ಒಬ್ಬರು ನೀವಾಗಿರಿ.